ಹವಳದ ತೊಟ್ಟಿಯ ನೀರೂ ಅದನ್ನು ಶೋಧಿಸುವ ದ್ರವ್ಯಗಳೂ

1846ನೆಯ ಇಸವಿಯಲ್ಲಿ ಆನ್ನಾ ಥಿನ್ ಎಂಬ ಆಂಗ್ಲ ಮಹಿಳೆಯು ಟೋರ್ಕಿಯ ಕಡಲ ತೀರದಿಂದ ಕೆಲವು ಜೀವಂತ ಹವಳಗಳನ್ನು ಲಂಡನ್ನಿಗೆ ತಂದು ಮನೆಯಲ್ಲಿ ಸಾಕಿದರು. ಈಕೆ ಪಾದ್ರಿಯೊಬ್ಬರ ಪತ್ನಿ. ನೀರು ಕೆಡದಂತೆ ಪ್ರತಿದಿನವೂ ಅದನ್ನು ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಸುತ್ತಿದ್ದರು. ಅನಂತರ ಕಡಲ ಸಸ್ಯಗಳನ್ನೂ ಜತೆಗೆ ಇರಿಸಿದರು. ಹವಳವನ್ನು ಸಾಕುವವರ ಮುಖ್ಯ ಚಿಂತೆಯು ನೀರೇ ಎಂಬುದನ್ನು ಈ ವೃತ್ತಾಂತವು ತೋರಿಸುತ್ತದೆ.

ಈಗ ಹಲವು ದೇಶಗಳಲ್ಲಿ ಗೃಹಸ್ಥರು ಗಾಜಿನ ತೊಟ್ಟಿಯಲ್ಲಿ ಹವಳವನ್ನು ಬೆಳೆಸುತ್ತಾರೆ. ಪರದೇಶಗಳಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಪಾಠವು ನೇರವಾಗಿ ಉಪಯೋಗವಾದೀತು. ಇಲ್ಲಿ ಓದುತ್ತಿರುವ ಬಾಲೆಯರಿಗೆ ರಸಾಯನಶಾಸ್ತ್ರದ ಒಳ್ಳೆಯ ಅಭ್ಯಾಸವಾದೀತು.

ಸಮುದ್ರವು ಅಪಾರ, ತೊಟ್ಟಿಯು ಅಲ್ಪ. ಮೀನಿಗೆ ಹಾಕಿದ ಆಹಾರದ ಶೇಷವೂ ಜೀವಿಗಳ ಮಲವೂ ಅದರೊಳಗೇ ಉಳಿಯುತ್ತವೆ. ಹತ್ತಿಯು ಕಣ್ಣಿಗೆ ಕಾಣುವ ಕಸವನ್ನು ತಡೆಯುತ್ತದೆ. ಕಲ್ಲುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ವಿಷಕರವಾದ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಎರಡಕ್ಕೂ ಸಿಕ್ಕದೆ ನೀರಿನಲ್ಲಿ ಕರಗಿ ನಿಂತ ಪದಾರ್ಥಗಳಿಗಾಗಿಯೇ ರಾಸಾಯನಿಕ ಶೋಧಕ ದ್ರವ್ಯಗಳು ಬೇಕಾಗುತ್ತವೆ. ಆದರೆ ಎಲ್ಲ ರೋಗಗಳಿಗೂ ಒಂದೇ ಔಷಧವಿಲ್ಲದಂತೆ ಎಲ್ಲ ಕೊಳೆಗೂ ಒಂದೇ ದ್ರವ್ಯವಿಲ್ಲ.

ಮೊದಲನೆಯದು ಸಕ್ರಿಯ ಇದ್ದಿಲು. ಇದ್ದಿಲು ದ್ರವಗಳ ಬಣ್ಣವನ್ನು ತೆಗೆಯುವುದೆಂದು 1785ರಲ್ಲಿ ರಷ್ಯಾ ದೇಶದ ರಸಾಯನಜ್ಞನಾದ ಲೋವಿಟ್ಸನು ಕಂಡುಕೊಂಡನು. ಈಗ ಅದನ್ನು ವಿಶೇಷ ರೀತಿಯಲ್ಲಿ ಕಾಯಿಸಿ ಅಸಂಖ್ಯಾತ ಸೂಕ್ಷ್ಮರಂಧ್ರಗಳುಳ್ಳದ್ದಾಗಿ ಮಾಡುತ್ತಾರೆ. ಅಂಥ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಹರಡಿದರೆ 500 ಚದರ ಮೀಟರಿಗೂ ಮಿಕ್ಕಿ ಆಗುತ್ತದೆ. ನೀರಿನ ಹಳದಿ ಬಣ್ಣ, ದುರ್ವಾಸನೆ, ಹವಳಗಳು ಒಂದಕ್ಕೊಂದು ವಿರೋಧವಾಗಿ ಸ್ರವಿಸುವ ವಿಷಗಳು, ಇವು ಆ ಮೈಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಅಧಿಶೋಷಣವೆಂದು ಹೆಸರು. ಅಮೋನಿಯ, ನೈಟ್ರೇಟ್, ಫಾಸ್ಫೇಟ್‌ಗಳ ವಿಷಯದಲ್ಲಿ ಮಾತ್ರ ಇದ್ದಿಲನ್ನು ನೆಚ್ಚಬಾರದು. ಕೆಲವು ಇದ್ದಿಲು ತಾನೇ ಫಾಸ್ಫೇಟನ್ನು ಬಿಡುವುದುಂಟು. ಆದುದರಿಂದ ಒಂದು ಚಮಚದಷ್ಟನ್ನು ಶುದ್ಧಜಲದಲ್ಲಿ ನೆನೆಯಿಟ್ಟು ಆ ನೀರನ್ನು ಪರೀಕ್ಷಿಸಿ ನೋಡಬೇಕು. ಪುಡಿ ಹೋಗುವ ತನಕ ತೊಳೆದು, ಬಲೆಯ ಚೀಲದಲ್ಲಿ ತುಂಬಿ, ನೀರು ಹರಿಯುವೆಡೆಯಲ್ಲಿ ಇಡತಕ್ಕದ್ದು. ರಂಧ್ರಗಳು ತುಂಬಿದ ಮೇಲೆ ಅದು ನಿಷ್ಪ್ರಯೋಜಕ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ.

ಎರಡನೆಯದು ಕಬ್ಬಿಣದ ತುಕ್ಕಿಗೆ ಬಂಧುವಾದ ಫೆರಿಕ್ ಆಕ್ಸೈಡಿನ ಹರಳು. ಇದು ಫಾಸ್ಫೇಟನ್ನು ಹಿಡಿದುಕೊಳ್ಳುತ್ತದೆ. ಫಾಸ್ಫೇಟ್ ಹೆಚ್ಚಿದರೆ ಬೇಡದ ಪಾಚಿ ಬೆಳೆಯುತ್ತದೆ. ಹವಳವು ತನ್ನ ಸುಣ್ಣದ ಗೂಡನ್ನು ಕಟ್ಟುವುದಕ್ಕೂ ಅಡ್ಡಿಯಾಗುತ್ತದೆ. ಅಲ್ಯೂಮಿನಿಯಂ ಆಕ್ಸೈಡಿನ ಬಿಳಿ ಗುಂಡುಗಳೂ ಈ ಕೆಲಸವನ್ನು ಮಾಡುತ್ತವೆ. ಆದರೆ ಅವು ಬಿಡುವ ಅಲ್ಯೂಮಿನಿಯಂನಿಂದ ಕೆಲವು ಮೃದು ಹವಳಗಳು ಮುದುಡಿಕೊಳ್ಳಬಹುದು.

ಮೂರನೆಯದು ಜಿಯೊಲೈಟ್ ಎಂಬ ಖನಿಜ. ಸಿಹಿನೀರಿನಲ್ಲಿ ಇದು ತನ್ನ ಸೋಡಿಯಮನ್ನು ಕೊಟ್ಟು ಅಮೋನಿಯವನ್ನು ಕೊಳ್ಳುತ್ತದೆ. ಕಡಲ ನೀರಿನಲ್ಲಾದರೋ ಕಿಲೋಗ್ರಾಂ ಒಂದಕ್ಕೆ ಸುಮಾರು 35 ಗ್ರಾಂ ಲವಣಗಳಿದ್ದು, ಸೋಡಿಯಮಿನ ಗುಂಪೇ ಸ್ಥಳವನ್ನು ಆಕ್ರಮಿಸುವುದರಿಂದ ಅಮೋನಿಯಕ್ಕೆ ಎಡೆ ಬಹಳ ಕಡಿಮೆ. ಸಿಹಿನೀರಿನಲ್ಲಿ ದಣಿದ ಜಿಯೊಲೈಟನ್ನು ಉಪ್ಪುನೀರಿನಲ್ಲಿ ತೊಳೆದೇ ಚೇತರಿಸುತ್ತಾರೆಂಬುದನ್ನು ನೆನೆದರೆ ಇದರ ಕಾರಣವು ಸ್ಪಷ್ಟವಾಗುವುದು. ಒಂದು ಕಡೆಯ ಔಷಧವನ್ನು ವಿಚಾರಿಸದೆ ಇನ್ನೊಂದು ಕಡೆಗೆ ಒಯ್ಯಬಾರದು.

ಹಾಗಾದರೆ ಆರಿಸುವ ಕ್ರಮವೇನು? ಮೊದಲು ಪರೀಕ್ಷೆ, ಬಳಿಕ ದ್ರವ್ಯ. ತೊಟ್ಟಿಯ ನೀರನ್ನೂ ಹೊಸದಾಗಿ ಬೆರೆಸಿದ ಉಪ್ಪುನೀರನ್ನೂ ಎರಡು ಬಿಳಿಯ ಬಟ್ಟಲುಗಳಲ್ಲಿಟ್ಟು ಹೋಲಿಸಿರಿ. ಹಳದಿ ಕಂಡರೆ ಇದ್ದಿಲು. ಫಾಸ್ಫೇಟನ್ನು ಅಳೆಯಿರಿ, ಲೀಟರಿಗೆ 0.03ರಿಂದ 0.1 ಮಿಲಿಗ್ರಾಮಿನವರೆಗೆ ಇದ್ದರೆ ಸಾಮಾನ್ಯವಾಗಿ ಸಾಕೆನ್ನುತ್ತಾರೆ. ಮೀರಿದರೆ ಫೆರಿಕ್ ಆಕ್ಸೈಡು, ಅದೂ ಹೇಳಿದ ಅಳತೆಯ ಅರ್ಧದಿಂದ ಆರಂಭಿಸಿ. ಅಮೋನಿಯ ಕಂಡರೆ ಆಹಾರವನ್ನು ತಗ್ಗಿಸಿ, ಸತ್ತ ಜೀವಿಯನ್ನು ಹುಡುಕಿ ತೆಗೆದು, ನೀರಿನ ಒಂದಂಶವನ್ನು ಬದಲಾಯಿಸತಕ್ಕದ್ದು. ಎಲ್ಲಕ್ಕೂ ಮೊದಲು, ತೊಟ್ಟಿಗೆ ಹಾಕುವ ನೀರೇ ಶುದ್ಧವಾಗಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ನೀರು ಎಷ್ಟು ಬರಿದಾದರೆ ಅಷ್ಟು ಒಳ್ಳೆಯದೆಂದು ಎಣಿಸುವುದು ಸರಿಯಲ್ಲ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸಿ, ಬಿಸಿಲಿನಿಂದ ಆಹಾರವನ್ನು ಸಿದ್ಧಪಡಿಸಿ ಅದಕ್ಕೆ ಕೊಡುತ್ತವೆ. ಆ ಪಾಚಿಗಳಿಗೂ ಕಿಂಚಿತ್ತು ಫಾಸ್ಫೇಟ್ ಬೇಕು. ಅದನ್ನು ಒಮ್ಮೆಲೇ ಪೂರ್ಣವಾಗಿ ಕಸಿದರೆ ಹವಳವು ಬಣ್ಣಗೆಟ್ಟು ಸೊರಗಿ ಸಾಯಬಹುದು. ನಮ್ಮ ಅತಿ ಶುಚಿತ್ವವೇ ಆಗ ಅದಕ್ಕೆ ಮೃತ್ಯುವಾಗುತ್ತದೆ.

ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವನ್ನು ಸಮುದ್ರದಿಂದ ಕಿತ್ತು ತರುವುದು ಅಪರಾಧ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವನ್ನು ಇದ್ದಲ್ಲಿಯೇ ನೋಡಿ ಸಂತೋಷಪಡುವುದು ನಮ್ಮ ಧರ್ಮ. ಬೇರೆ ದೇಶದಲ್ಲಿ ನ್ಯಾಯವಾಗಿ ಬೆಳೆಸಿದ ಹವಳವನ್ನು ಸಾಕುವವಳಾದರೂ, ಸೃಷ್ಟಿಕರ್ತನು ಒಪ್ಪಿಸಿದ ಜೀವಕ್ಕೆ ತಾನು ಮನೆವಾರ್ತೆಯವಳೆಂದು ತಿಳಿದು, ಅಳೆದು ನೋಡಿ, ಬೇಕಾದುದನ್ನು ಬೇಕಾದಷ್ಟೇ ಉಪಯೋಗಿಸಲಿ.