ಭೂರ್ಜದ ಪೆಟ್ಟಿಗೆ, ಮುಳ್ಳಿನ ಕುಸುರಿ: ಒಂದು ಕೈಕಸುಬಿನ ವಾಣಿಜ್ಯ ಪಾಠ

ಸರಕನ್ನು ತುಂಬಿಕೊಡುವ ಪೊಟ್ಟಣವೇ ಕಾಲಕ್ರಮದಲ್ಲಿ ಸರಕಿಗಿಂತ ಹೆಚ್ಚಿನ ಬೆಲೆ ಪಡೆಯುವುದುಂಟು. ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತ, ಕೆನಡಾದ ಒಂಟಾರಿಯೊ ಹಾಗೂ ಅಮೆರಿಕದ ಮಿಷಿಗನ್ ಮೊದಲಾದ ಪ್ರಾಂತ್ಯಗಳಲ್ಲಿ ನೆಲೆಸಿರುವ ಅನಿಶಿನಾಬೆ ಮೂಲನಿವಾಸಿಗಳ ತೊಗಟೆ ಪೆಟ್ಟಿಗೆಗಳು ಇದಕ್ಕೆ ಉತ್ತಮ ನಿದರ್ಶನ. ಒಜಿಬ್ವೆ, ಒಡಾವ, ಪೊಟವಾಟಮಿ ಪಂಗಡಗಳು ಈ ಜನಸಮುದಾಯಕ್ಕೆ ಸೇರಿದವು. ಕೈಕಸುಬಿನ ಸರಕಿನ ಬೆಲೆ, ಹೆಸರು ಹಾಗೂ ನಕಲಿನ ಪ್ರಶ್ನೆಗಳು ನಮ್ಮ ವರ್ತಕರಿಗೂ ಸಂಬಂಧಿಸಿದವಾದುದರಿಂದ ಈ ಕಸುಬನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪೆಟ್ಟಿಗೆಯ ಒಡಲು ಬರ್ಚ್ ಮರದ ತೊಗಟೆ. ನಮ್ಮವರು ಹಸ್ತಪ್ರತಿಗಳ ಮೂಲಕ ಬಲ್ಲ ಹಿಮಾಲಯದ ಭೂರ್ಜವೂ ಇದೇ ಕುಲದ ಮರ. ಬೇಸಿಗೆಯ ಆರಂಭದಲ್ಲಿ ಮರದಲ್ಲಿ ರಸ ಏರುವಾಗ ಹೊರತೊಗಟೆ ಸುಲಭವಾಗಿ ಬಿಟ್ಟುಬರುತ್ತದೆ. ಒಳಪದರಕ್ಕೆ ಪೆಟ್ಟಾಗದಂತೆ ಸುಲಿದರೆ ಮರ ಬದುಕಿ ಉಳಿಯುತ್ತದೆ. ಅಲಂಕಾರಕ್ಕೆ ಬಳಸುವುದು ಮುಳ್ಳುಹಂದಿಯ ಮುಳ್ಳು. ಅಲ್ಲಿನ ಒಂದು ಪ್ರಾಣಿಯ ಮೈಮೇಲೆ ಸುಮಾರು 30,000 ಮುಳ್ಳುಗಳಿರುತ್ತವೆ. ಅವನ್ನು ತೊಳೆದು, ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ, ಬೇಕಾದವುಗಳಿಗೆ ಬಣ್ಣ ಕಟ್ಟುತ್ತಾರೆ. ಹಿಂದೆ ಸಸ್ಯಜನ್ಯ ಬಣ್ಣಗಳೇ ಆಗಿದ್ದವು. 19ನೆಯ ಶತಮಾನದ ಉತ್ತರಾರ್ಧದಿಂದ ರಾಸಾಯನಿಕ ಬಣ್ಣಗಳೂ ಸೇರಿಕೊಂಡವು. ನೀರಿನಲ್ಲಿ ನೆನೆದ ಮುಳ್ಳು ಮೆತ್ತಗಾಗಿ ಬಾಗುತ್ತದೆ. ದಬ್ಬಳದಿಂದ ತೊಗಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಮುಳ್ಳಿನ ಎರಡೂ ತುದಿಗಳನ್ನು ಹೊರಗಿನಿಂದ ಒಳಕ್ಕೆ ತೂರಿಸಿ ಮಡಚಲಾಗುತ್ತದೆ. ತೊಗಟೆ ಒಣಗುತ್ತಿದ್ದಂತೆ ರಂಧ್ರ ಬಿಗಿದು ಮುಳ್ಳನ್ನು ಹಿಡಿದುಕೊಳ್ಳುತ್ತದೆ. ಅಂಟಿನ ಅಗತ್ಯವೇ ಇಲ್ಲ. ಒಳಗೆ ಕಾಣುವ ತುದಿಗಳನ್ನು ಮರೆಮಾಡಲು ಮತ್ತೊಂದು ತೊಗಟೆಯ ಪದರವನ್ನು ಕೂಡಿಸಿ, ಅಂಚಿಗೆ ಸುವಾಸನೆಯ ಹುಲ್ಲಿನ ಎಳೆಗಳನ್ನಿಟ್ಟು ಹೊಲಿಯುತ್ತಾರೆ. ಹಳೆಯ ಪೆಟ್ಟಿಗೆಯ ಮುಚ್ಚಳ ತೆರೆದಾಗಲೂ ಹುಲ್ಲಿನ ಕಂಪು ಬರುವುದುಂಟು.

ಇನ್ನು ವ್ಯಾಪಾರದ ವಿಷಯ. ಮೂಲದಲ್ಲಿ ತೊಗಟೆಯ ಪಾತ್ರೆಗೆ ಮಕಕ್ ಎಂದು ಹೆಸರು. ಮೇಪಲ್ ಮರದ ರಸವನ್ನು ಕಾಯಿಸಿ ಮಾಡಿದ ಸಕ್ಕರೆಯನ್ನು ಇದರಲ್ಲಿ ತುಂಬಿಡುತ್ತಿದ್ದರು. ಮುಳ್ಳಿನ ಕುಸುರಿಯ ಪುಟ್ಟ ಮಕಕ್‌ಗಳಲ್ಲಿ ಸಕ್ಕರೆ ತುಂಬಿ ಪ್ರವಾಸಿಗಳಿಗೆ ಮಾರುವ ಪದ್ಧತಿ ಬೆಳೆಯಿತು. ಸಕ್ಕರೆ ತಿಂದು ಮುಗಿಯಿತು, ಪಾತ್ರೆ ಮನೆಯಲ್ಲಿ ಉಳಿಯಿತು. ಮುಂದೆ ಪಾತ್ರೆಯನ್ನೇ ಕೇಳಿ ಕೊಳ್ಳುವವರು ಹುಟ್ಟಿಕೊಂಡರು. 1873ರಲ್ಲಿ ಮಿಷಿಗನ್ನಿನ ಪೆಟೋಸ್ಕಿಗೆ ರೈಲುಮಾರ್ಗ ತಲುಪಿದ ಮೇಲೆ ಆ ಪ್ರದೇಶ ಬೇಸಿಗೆಯ ವಿಹಾರಧಾಮವಾಯಿತು, ಒಡಾವ ಮಹಿಳೆಯರ ಪೆಟ್ಟಿಗೆಗಳಿಗೆ ಮನೆಬಾಗಿಲಲ್ಲೇ ಗಿರಾಕಿಗಳು ದೊರೆತರು. ಗುಂಡನೆಯ ಹಾಗೂ ಅಂಡಾಕಾರದ ಮುಚ್ಚಳದ ಪೆಟ್ಟಿಗೆಗಳು, ಹೂವು, ಹಕ್ಕಿ, ಪ್ರಾಣಿಗಳ ಚಿತ್ರಗಳು ಪ್ರವಾಸಿಗಳ ಅಭಿರುಚಿಗೂ ಹೊಂದಿದವು. ಹಾಗೆಂದು ಇದನ್ನು ಕೇವಲ ಪ್ರವಾಸಿ ಸರಕೆಂದು ತಳ್ಳಿಹಾಕುವುದು ಸರಿಯಲ್ಲ. ಕುಶಲತೆ ತಾಯಿಯಿಂದ ಮಗಳಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಸಾಗಿ ಬಂದಿದೆ. ಪೆಟೋಸ್ಕಿಯ ಒಡಾವ ಕಲಾವಿದೆ ಇವಾನ್ ವಾಕರ್ ಕೆಶಿಕ್ ಅವರಿಗೆ 2014ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಸಂದಿತು. ಕೆನಡಾದ ಮ್ಯಾನಿಟೌಲಿನ್ ದ್ವೀಪವೂ ಈ ಕಸುಬಿಗೆ ಹೆಸರಾದ ಸ್ಥಳ.

ಬೆಲೆಯ ಲೆಕ್ಕ ಇಲ್ಲಿ ವಿಚಿತ್ರವಾದುದು. ಕಚ್ಚಾಮಾಲು ಕಾಡಿನದು, ವೆಚ್ಚದ ಬಹುಪಾಲು ದುಡಿಮೆಯ ಸಮಯ. ಹತ್ತು ಪೆಟ್ಟಿಗೆ ಒಟ್ಟಿಗೆ ಮಾಡಿದರೂ ಒಂದೊಂದರ ವೆಚ್ಚ ಹೆಚ್ಚೇನೂ ಇಳಿಯುವುದಿಲ್ಲ, ಏಕೆಂದರೆ ಪ್ರತಿಯೊಂದು ಮುಳ್ಳನ್ನೂ ಕೈಯಿಂದಲೇ ತೂರಿಸಬೇಕು. ಹೀಗಿರುವಲ್ಲಿ ಅಗ್ಗದ ನಕಲು ಮಾಲಿನೊಡನೆ ಬೆಲೆಯಲ್ಲಿ ಸ್ಪರ್ಧಿಸುವುದು ಅಸಾಧ್ಯ. ಕುಶಲಕರ್ಮಿಗೆ ಉಳಿದಿರುವ ಬಂಡವಾಳ, ತಾನು ಯಾರು ಎಂಬ ಸತ್ಯವೊಂದೇ.

ಆ ಸತ್ಯಕ್ಕೆ ಅಮೆರಿಕದಲ್ಲಿ ಕಾನೂನಿನ ರಕ್ಷಣೆಯಿದೆ. ಅಲ್ಲಿನ 1990ರ ಮೂಲನಿವಾಸಿ ಕಲೆ ಮತ್ತು ಕರಕುಶಲ ಕಾಯ್ದೆಯ ಪ್ರಕಾರ, ಮೂಲನಿವಾಸಿಗಳು ತಯಾರಿಸದ ವಸ್ತುವನ್ನು ಅವರದೆಂದು ಸೂಚಿಸಿ ಮಾರುವುದು ಅಪರಾಧ. ಮೊದಲ ಅಪರಾಧಕ್ಕೇ ವ್ಯಕ್ತಿಗೆ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಸಂಸ್ಥೆಗಾದರೆ 10 ಲಕ್ಷ ಡಾಲರ್‌ವರೆಗೆ ದಂಡ. ಇದು ಕಾಗದದ ಮೇಲಿನ ಮಾತಲ್ಲ. ಫಿಲಿಪೈನ್ಸ್‌ನಲ್ಲಿ ತಯಾರಾದ ಆಭರಣಗಳನ್ನು ಮೂಲನಿವಾಸಿಗಳ ಕೆಲಸವೆಂದು ಮಾರಿದ ನ್ಯೂ ಮೆಕ್ಸಿಕೊದ ವ್ಯಾಪಾರಿಯೊಬ್ಬನಿಗೆ 2018ರಲ್ಲಿ ಆರು ತಿಂಗಳ ಸೆರೆವಾಸವಾಯಿತು.

ನಮ್ಮ ರಫ್ತುದಾರರು ಗಮನಿಸಬೇಕಾದ ಅಂಶ ಇಲ್ಲಿದೆ. ಅಮೆರಿಕದ ಖರೀದಿದಾರರು ಆ ಶೈಲಿಯ ಮಾಲನ್ನು ಮಾಡಿಕೊಡುವಂತೆ ಬೇಡಿಕೆ ಸಲ್ಲಿಸಿದರೆ, ತಯಾರಾದ ದೇಶದ ಹೆಸರನ್ನು ವಸ್ತುವಿನ ಮೇಲೆ ಅಳಿಸಲಾಗದಂತೆ ಗುರುತಿಸಬೇಕೆಂಬುದು ಅಲ್ಲಿನ ಸುಂಕ ಇಲಾಖೆಯ ಸಾಮಾನ್ಯ ನಿಯಮ. ಕಿತ್ತುಹಾಕಬಹುದಾದ ಚೀಟಿಯನ್ನಷ್ಟೇ ಅಂಟಿಸಿ ಕಳುಹಿಸುವುದು ಅಪಾಯಕಾರಿ. ಇನ್ನು ಮುಳ್ಳಿನ ಕುಸುರಿಯನ್ನು ಇಲ್ಲಿಯೇ ಪ್ರಯತ್ನಿಸುವ ಯೋಚನೆ ಯಾರಿಗಾದರೂ ಬಂದರೆ ಬಿಡುವುದು ಲೇಸು. ನಮ್ಮ ಮುಳ್ಳುಹಂದಿಯ ಮುಳ್ಳು ಉದ್ದವೂ ದಪ್ಪವೂ ಆಗಿದ್ದು ಈ ಕೆಲಸಕ್ಕೆ ಒಗ್ಗದು. ಅಲ್ಲದೆ ಪ್ರಾಣಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ.

ನಮ್ಮಲ್ಲಿ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯು 2003ರಲ್ಲಿ ಜಾರಿಗೆ ಬಂದು, ಚನ್ನಪಟ್ಟಣದ ಗೊಂಬೆ ಹಾಗೂ ಬೀದರಿನ ಬಿದರಿ ಸಾಮಾನುಗಳು ನೋಂದಣಿ ಪಡೆದಿವೆ. ಎರಡು ವ್ಯವಸ್ಥೆಗಳಿಗೂ ವ್ಯತ್ಯಾಸವಿದೆ: ನಮ್ಮ ಕಾಯ್ದೆ ಸ್ಥಳದೊಡನೆ ಬೆಸೆದ ಸರಕಿನ ಹೆಸರನ್ನು ಕಾಯುತ್ತದೆ, ಅವರದು ತಯಾರಕನ ಸಮುದಾಯದ ಹೆಸರನ್ನು. ಅನಿಶಿನಾಬೆ ಪೆಟ್ಟಿಗೆಯನ್ನು ಮಾರುವ ಒಳ್ಳೆಯ ಅಂಗಡಿಗಳಲ್ಲಿ ತಯಾರಿಸಿದವರ ಹೆಸರು ಮತ್ತು ಪಂಗಡವನ್ನು ತಿಳಿಸುವ ರೂಢಿಯಿದೆ. ನೋಂದಣಿಯ ಚಿಹ್ನೆಯ ಜೊತೆಗೆ ಕುಶಲಕರ್ಮಿಯ ಹೆಸರನ್ನೂ ಮುದ್ರಿಸಿ ಕೊಡಲು ನಮ್ಮ ಕರಕುಶಲ ವರ್ತಕರಿಗೆ ತಗಲುವ ಖರ್ಚು ಒಂದು ಸಣ್ಣ ಚೀಟಿಯದು ಮಾತ್ರ.