ನಮ್ಮ ಕಪಾಟಿನ ಬೆಳ್ಳಿಮೀನು

ನಮ್ಮ ಶಾಲೆಯಲ್ಲಿ ಕಲಿತುಹೋದವರು ವಿಜ್ಞಾನದ ಕೋಣೆಯ ಗಾಜಿನ ಕಪಾಟನ್ನು ಮರೆತಿರಲಾರರು. ಅದರ ಮೂರನೆಯ ಹಲಗೆಯ ಮೇಲೆ, ಶೀಸೆಯೊಳಗೆ, ಚಪ್ಪಟೆಯಾದ ಚಿಕ್ಕದೊಂದು ಬೆಳ್ಳಿಮೀನು ಇರುತ್ತದೆ. ಅದಕ್ಕೆ ‘ಗೆರೆಸ್’ ಎಂಬ ಚೀಟಿಯನ್ನು ನಾವೇ ಬರೆದು ಅಂಟಿಸಿದ್ದೆವು. ಆ ಹೆಸರು ತಪ್ಪೆಂಬದನ್ನು ಇಲ್ಲಿ ತಿಳಿಸುವದು ನಮ್ಮ ಕರ್ತವ್ಯವಾಗಿದೆ. ಯಾಕಂದರೆ ಅದನ್ನು ವಹಿಯಲ್ಲಿ ಬರೆದುಕೊಂಡವರು ಬಹಳ ಮಂದಿ.

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಮಕ್ಕಳು ಕೆರೆ, ಬೆಣ್ಣೆಹಳ್ಳಗಳ ಮೀನನ್ನು ಕಂಡವರು. ಕಡಲಿನ ಮೀನಾದರೋ ಅಂಕೋಲೆಯಿಂದ ಯಲ್ಲಾಪುರ, ಕಲಘಟಗಿಯ ಮಾರ್ಗವಾಗಿ ಘಟ್ಟವನ್ನೇರಿ ಬರತಕ್ಕದ್ದು. ಆದ್ದರಿಂದ ನಮ್ಮ ಚೀಟಿಯನ್ನು ಪ್ರಶ್ನಿಸುವವರು ಇಲ್ಲಿ ಯಾರೂ ಇರಲಿಲ್ಲ.

ಹೋದ ವರ್ಷ, ಕಾರವಾರಕ್ಕೆ ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದಿದ್ದಳು. ಆ ಹುಡುಗಿ ಶೀಸೆಯನ್ನು ಬೆಳಕಿಗೆ ಹಿಡಿದು, ತಾಯಿಯಂತೆಯೇ ನಮ್ಮನ್ನು ಕರೆದು, “ಅಕ್ಕೋರೇ, ಇದರ ಹುರುಪೆ ಎಲ್ಲಿ?” ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ.

ಗೆರೆಸ್ ಮೀನಿಗೂ ಇದಕ್ಕೂ ಹೋಲಿಕೆ ಉಂಟು. ಎರಡೂ ಆಳವಿಲ್ಲದ ಕಡಲಂಚಿನಲ್ಲಿಯೂ ನದಿಗಳ ಅಳಿವೆಗಳಲ್ಲಿಯೂ ಇರುತ್ತವೆ. ಎರಡೂ ಬಾಯನ್ನು ಕೊಳವೆಯಂತೆ ಚಾಚಬಲ್ಲವು. ನಾವು ಬಾಯೊಂದನ್ನೇ ನೋಡಿ ಹೆಸರಿಟ್ಟೆವು. ಆದರೆ ಗೆರೆಸ್ ಮೀನಿನ ಹುರುಪೆಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಅವು ಬೇಗನೆ ಉದುರುವದುಂಟೆಂದು ನಾವು ಸಮಾಧಾನಮಾಡಿಕೊಳ್ಳಲು ನೋಡಿದೆವು. ನೆತ್ತಿಯ ಮೇಲಿನ ಎಲುಬಿನ ಏಣುಗಳು ಆ ನೆವವನ್ನೂ ಉಳಿಸಲಿಲ್ಲ. ಸಣ್ಣ ಹುರುಪೆ, ನೆತ್ತಿಯ ಏಣು, ಹಸಿಯಾಗಿರುವಾಗ ಮೈತುಂಬ ಲೋಳೆ, ಇವು ಲಿಯೋಗ್ನಾತಿಡೇ ಎಂಬ ಕುಟುಂಬದ ಗುರುತುಗಳು. ಇಂಗ್ಲಿಷಿನಲ್ಲಿ ಇವಕ್ಕೆ ಪೋನಿಫಿಶ್ ಎನ್ನುವರು. ಇವುಗಳಲ್ಲಿ ಬಾಯನ್ನು ಮೇಲಕ್ಕೆ ಚಾಚುವವು ಕೆಲವು. ಮುಂದಕ್ಕೆ ಚಾಚುವ, ಕೋರೆಹಲ್ಲುಳ್ಳ ಗಾಜಾ ಎಂಬದೊಂದು. ನಮ್ಮದು ಕೆಳಕ್ಕೆ ಚಾಚುವ ಗುಂಪಿನದು.

ಈ ತಪ್ಪಿನಿಂದ ನಾವು ಕಳೆದುಕೊಂಡ ಪಾಠ ಸಣ್ಣದಲ್ಲ. ಈ ಮೀನಿನ ಅನ್ನನಾಳದ ಸುತ್ತ ಉಂಗುರದಂಥ ಒಂದು ಅಂಗವುಂಟು. ಅದರಲ್ಲಿ ಬೆಳಕು ಬೀರುವ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಮೀನು ಅವಕ್ಕೆ ಆಶ್ರಯವನ್ನೂ ಆಹಾರವನ್ನೂ ಕೊಡುತ್ತದೆ. ಆ ಬೆಳಕು ಹೊಟ್ಟೆಯ ಕಡೆಯಿಂದ ಮಂದವಾಗಿ ಹೊರಬೀಳುವದು. ಮೇಲಿನಿಂದ ಬರುವ ಬೆಳಕಿನೊಡನೆ ಅದು ಬೆರೆತಾಗ, ಕೆಳಗಿನಿಂದ ನೋಡುವ ವೈರಿಗೆ ಮೀನಿನ ನೆರಳು ಕಾಣಿಸದು. ಅನೇಕ ಜಾತಿಗಳಲ್ಲಿ ಗಂಡಿನ ಅಂಗವು ಹೆಣ್ಣಿನದಕ್ಕಿಂತ ದೊಡ್ಡದು. ಗಂಡುಗಳು ಬೆಳಕನ್ನು ಮಿನುಗಿಸಿ ಸಂಜ್ಞೆ ಮಾಡುವದೂ ಕಂಡುಬಂದಿದೆ. ಶೀಸೆಯೊಳಗಿನ ಮೀನಿನಲ್ಲಿ ಇದಾವದೂ ತೋರದು. ಆದರೂ ಸರಿಯಾದ ಹೆಸರಿದ್ದಿದ್ದರೆ ಇಷ್ಟು ವರ್ಷ ಹುಡುಗಿಯರಿಗೆ ಇದನ್ನು ಹೇಳಬಹುದಾಗಿತ್ತು.

ಹೊಸ ಚೀಟಿಯನ್ನು ಹತ್ತನೆಯ ತರಗತಿಯವರು ಬರೆದಿದ್ದಾರೆ. ಹಳೆಯದನ್ನು ಕೀಳದೆ ಅದರ ಕೆಳಗೇ ಅಂಟಿಸಬೇಕೆಂದು ಹೇಳಿದ್ದೇವೆ.