ಕ್ಯಾಪ್ ಹಾಕಿಸುವ ಮೊದಲೇ ಖಾಲಿ ಜಾಗದ ತೀರ್ಮಾನ

ಪ್ರಶ್ನೆ: ನನಗೆ 46 ವರ್ಷ, ಶಾಲಾ ಶಿಕ್ಷಕಿ. ಮೂರು ವರ್ಷದ ಹಿಂದೆ ಕೆಳಗಿನ ಬಲಗಡೆಯ ದವಡೆ ಹಲ್ಲೊಂದನ್ನು ಕೀಳಿಸಿದ್ದೆ. ಹೋದ ತಿಂಗಳು ಅದರ ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಅದಕ್ಕೆ ಕ್ಯಾಪ್ ಬೇಕೇ ಬೇಕು, ಖಾಲಿ ಜಾಗವನ್ನೂ ಸೇರಿಸಿ ಮೂರು ಹಲ್ಲಿನ ಬ್ರಿಡ್ಜ್ ಮಾಡಿಬಿಡೋಣ ಎನ್ನುತ್ತಾರೆ ಡಾಕ್ಟರು. ಅದಕ್ಕೆ ಮುಂದಿನ ಹಲ್ಲನ್ನೂ ತೇಯಬೇಕಂತೆ. ಒಂದು ದಿನವೂ ನೋಯದ ಹಲ್ಲದು. ನೋವೇ ಇಲ್ಲವಲ್ಲ, ಸುಮ್ಮನಿರು ಅನ್ನುತ್ತಾರೆ ನಮ್ಮ ಮನೆಯವರು. ದುಡ್ಡಿಗಾಗಿ ಹೇಳುತ್ತಿದ್ದಾರೋ ಏನೋ ಎಂಬ ಅನುಮಾನ ನನಗೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೇಡಂ, ನಿಮ್ಮ ಯಜಮಾನರ ಮಾತಿನಿಂದಲೇ ಶುರು ಮಾಡೋಣ. ರೂಟ್ ಕೆನಾಲ್‌ನಲ್ಲಿ ಹಲ್ಲಿನೊಳಗಿನ ನರವನ್ನೇ ತೆಗೆದಿರುತ್ತಾರೆ. ಹಾಗಾಗಿ ಅಲ್ಲಿ ನೋವಿಲ್ಲ ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಹುಳುಕು ತಿಂದದ್ದು, ಡಾಕ್ಟರು ಕೊರೆದದ್ದು ಎಲ್ಲ ಕಳೆದ ಮೇಲೆ ಸುತ್ತಲಿನ ಗೋಡೆಯಷ್ಟೇ ಉಳಿದಿರುತ್ತದೆ. ಮಂಡಕ್ಕಿ ತಿನ್ನುವಾಗ ಗಟ್ಟಿ ಕಾಳೊಂದು ಸಿಕ್ಕಿ ಆ ಗೋಡೆ ಸೀಳಿ, ಸೀಳು ಬೇರಿಗಿಳಿದರೆ ಕೀಳುವುದೊಂದೇ ದಾರಿ. ಕ್ಯಾಪ್ ಆ ಗೋಡೆಯನ್ನು ಸುತ್ತಲಿಂದ ಹಿಡಿದಿಡುತ್ತದೆ. ಅದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ.

ಖಾಲಿ ಜಾಗಕ್ಕೆ ಅಷ್ಟು ಅವಸರವಿಲ್ಲ. ಹಾಗಾದರೆ ಕ್ಯಾಪ್ ಈಗ, ಬ್ರಿಡ್ಜ್ ಮುಂದೆ ನೋಡೋಣ ಎನ್ನಬಹುದೇ? ತೊಡಕಿರುವುದೇ ಇಲ್ಲಿ. ಬ್ರಿಡ್ಜ್‌ನಲ್ಲಿ ಮೂರೂ ಹಲ್ಲು ಒಂದೇ ತುಂಡು. ಇವತ್ತು ಬಿಡಿ ಕ್ಯಾಪ್ ಹಾಕಿಸಿಕೊಂಡು ಬರುವ ವರ್ಷ ಬ್ರಿಡ್ಜ್ ಬೇಕೆಂದರೆ, ಆ ಕ್ಯಾಪನ್ನು ಕತ್ತರಿಸಿ ಎಸೆದು ಹೊಸದಾಗಿ ಮಾಡಿಸಬೇಕು. ನಿಮ್ಮ ಡಾಕ್ಟರು ಎರಡನ್ನೂ ಒಟ್ಟಿಗೆ ಎತ್ತಿದ್ದು ಬಹುಶಃ ಇದಕ್ಕೇ. ಅನುಮಾನ ಪಡುವ ಮೊದಲು ಒಮ್ಮೆ ಕೇಳಿ ನೋಡಿ.

ಆದರೆ ಒಳ್ಳೆಯ ಹಲ್ಲಿನ ಬಗ್ಗೆ ನಿಮ್ಮ ಸಂಕಟ ನ್ಯಾಯವಾದದ್ದೇ. ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್, ಮೇಲ್ಭಾಗದಲ್ಲಿ ಇನ್ನೂ ತುಸು ಹೆಚ್ಚು ತೇಯುತ್ತಾರೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ತೇಯ್ದ ಹಲ್ಲುಗಳಲ್ಲಿ ಕೆಲವಕ್ಕೆ ವರ್ಷಗಳ ಮೇಲೆ ನರ ಸತ್ತು ರೂಟ್ ಕೆನಾಲ್ ಬೇಕಾಗುವುದೂ ಉಂಟು. ಎರಡೂ ಪಕ್ಕದ ಹಲ್ಲು ಹೇಗೂ ಕ್ಯಾಪ್ ಬೇಡುವಂತಿದ್ದರೆ ಬ್ರಿಡ್ಜ್ ಮಾಡಿಸಿ ಎಂದು ಹಿಂದೆಮುಂದೆ ನೋಡದೆ ಹೇಳುತ್ತಿದ್ದೆ. ನಿಮ್ಮಲ್ಲಿ ಒಂದು ಹಾಗಿದೆ, ಇನ್ನೊಂದು ಹಾಗಿಲ್ಲ. ಮೇಲಾಗಿ ನಡುವಿನ ಹಲ್ಲಿನ ಭಾರವನ್ನೂ ಹೊರಬೇಕಾದ ಎರಡರಲ್ಲಿ ಒಂದು ಈಗಾಗಲೇ ಸೊರಗಿದೆ.

ಹಾಗಾಗಿ ನನ್ನ ಒಲವು ಇಂಪ್ಲಾಂಟ್ ಕಡೆಗೆ. ಹಿಂದಿನದಕ್ಕೆ ಈಗಲೇ ಬಿಡಿ ಕ್ಯಾಪ್; ಖಾಲಿ ಜಾಗದ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು. ಮುಂದಿನ ಹಲ್ಲನ್ನು ಯಾರೂ ಮುಟ್ಟಬೇಕಾಗಿಲ್ಲ. ಖರ್ಚು ಹೆಚ್ಚು ಎನ್ನುವುದು ನಿಜ. ಸ್ಕ್ರೂ ಮೂಳೆಗೆ ಕಚ್ಚಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳಾದರೂ ಬೇಕು, ಸಕ್ಕರೆ ಕಾಯಿಲೆಯಿದ್ದರೆ ಅದು ಹತೋಟಿಯಲ್ಲಿರಬೇಕು. ಹಲ್ಲು ಹೋದ ಕಡೆ ಮೂಳೆ ಸವೆಯುತ್ತದೆ. ಮೂರು ವರ್ಷದ ಮೇಲೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿಸಿಯೇ ಹೇಳಬೇಕು. ಮೂಳೆ ಸಾಲದಿದ್ದರೆ, ಅಥವಾ ದುಡ್ಡು ಹೊಂದದಿದ್ದರೆ, ಬ್ರಿಡ್ಜ್ ಕಡಿಮೆಯದೇನಲ್ಲ. ಚೆನ್ನಾಗಿ ಮಾಡಿ ಚೆನ್ನಾಗಿ ನೋಡಿಕೊಂಡದ್ದು 10-15 ವರ್ಷ ಬಾಳುವುದು ಸಾಮಾನ್ಯ.

ಖಾಲಿ ಬಿಟ್ಟರೆ? ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಎಲ್ಲರಿಗೂ ಒಂದೇ ಸಮನೆ ಅಲ್ಲ. ಹೆಚ್ಚು ಸರಿಯದೆ ಹಾಗೇ ನಿಂತು, ಜೋಳದ ರೊಟ್ಟಿ ತಿಂದು ಸುಖವಾಗಿರುವವರೂ ಇದ್ದಾರೆ. ನಿಮ್ಮದು ಎಷ್ಟು ಸರಿದಿದೆ ಎಂದು ಎಕ್ಸ್‌ರೇ ತೋರಿಸಿ ಹೇಳಿ ಎಂದು ಡಾಕ್ಟರನ್ನು ಕೇಳಿ. ಇನ್ನೊಬ್ಬರ ಅಭಿಪ್ರಾಯ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ನಿಮ್ಮೂರಲ್ಲೇ ಬಾಪೂಜಿ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂಬ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಕ್ಯಾಪ್, ಬ್ರಿಡ್ಜ್ ನೋಡುವ ಪ್ರೋಸ್ತೋಡಾಂಟಿಕ್ಸ್ ವಿಭಾಗ ಎಲ್ಲಿದೆಯೆಂದು ವಿಚಾರಿಸಿ; ಎಕ್ಸ್‌ರೇ ಕೈಯಲ್ಲಿರಲಿ.

ಯಾವ ಕ್ಯಾಪ್ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲೋಹದ ಮೇಲೆ ಪಿಂಗಾಣಿ ಲೇಪಿಸಿದ್ದರಲ್ಲಿ ಪಿಂಗಾಣಿ ಚಕ್ಕೆ ಏಳುವ ಸಂಭವ ಇದೆ. ಜಿರ್ಕೋನಿಯಾ ಗಟ್ಟಿ, ದುಬಾರಿ. ಪೂರ್ತಿ ಲೋಹದ್ದಾದರೆ ಹಲ್ಲನ್ನು ತೇಯುವುದು ಕಡಿಮೆ, ಆದರೆ ಪಾಠ ಮಾಡುವಾಗ ಬಾಯಲ್ಲಿ ಬೆಳ್ಳಿ ಹೊಳೆಯುವುದು ನಿಮಗೆ ಇಷ್ಟವಾಗಲಿಕ್ಕಿಲ್ಲ. ಕೂರಿಸಿದ ದಿನ ಕಚ್ಚಿ ನೋಡಿ. ಆ ಹಲ್ಲೇ ಮೊದಲು ತಾಗುತ್ತಿದ್ದರೆ ಅಲ್ಲೇ ಹೇಳಿ ಸರಿ ಮಾಡಿಸಿಕೊಳ್ಳಿ, ‘ಅಭ್ಯಾಸವಾಗುತ್ತೆ’ ಎಂದು ಎದ್ದು ಬರಬೇಡಿ.

ಬ್ರಿಡ್ಜನ್ನೇ ಆರಿಸಿಕೊಂಡರೆ, ನಡುವಿನ ಹಲ್ಲಿನ ಅಡಿಗೆ ಮಾಮೂಲಿ ಬ್ರಷ್ ಹೋಗುವುದಿಲ್ಲ. ಸೂಪರ್ ಫ್ಲಾಸ್ ಎಂಬ ದಾರವನ್ನೋ ಸಂದಿಗೆ ತೂರಿಸುವ ಪುಟ್ಟ ಬ್ರಷ್ಷನ್ನೋ ದಿನಾ ರಾತ್ರಿ ಬಳಸಬೇಕು. ಕೆಲವೊಮ್ಮೆ ಒಂದು ತುದಿಯ ಸಿಮೆಂಟ್ ಬಿಟ್ಟರೂ ಇನ್ನೊಂದು ತುದಿ ಹಿಡಿದಿರುವುದರಿಂದ ಅಲುಗಾಟವೇ ತಿಳಿಯದೆ ಒಳಗೊಳಗೇ ಹುಳುಕು ಹಿಡಿಯುತ್ತದೆ. ಅಗಿಯುವಾಗ ಕೆಟ್ಟ ವಾಸನೆಯೋ ರುಚಿಯೋ ಬಂದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಆ ವಾರವೇ ಹೋಗಿ ತೋರಿಸಿ.